ಪಂಪಿನ ಮುಳ್ಳು ಹೇಳಿದ ಸುಳ್ಳು

320 ಮಿಲಿಮೀಟರ್ ಬೋರಿನ ಆ ಜನರೇಟರ್ ಎಂಜಿನ್ನಿನ ನಾಲ್ಕನೇ ಹೆಡ್ಡು, ಅಂದರೆ ಸಿಲಿಂಡರಿನ ಮುಚ್ಚಳ, ಒಂದೇ ವರ್ಷದಲ್ಲಿ ಮೂರು ಸಲ ಗ್ಯಾಸ್ ಬಿಟ್ಟಿತ್ತು. ಪ್ರತಿ ಸಲವೂ ನಡುವಿನ ಸೀಲು ಉಂಗುರ ಬದಲಿಸಿ, ಹೆಡ್ಡನ್ನು ಹಿಡಿದಿಡುವ ಸ್ಟಡ್ಡುಗಳನ್ನು (ಉದ್ದನೆಯ ಬೋಲ್ಟು) ಎಳೆಯುವ ಹೈಡ್ರಾಲಿಕ್ ಜ್ಯಾಕ್ ಕೂರಿಸಿ, ಪಂಪಿನ ಒತ್ತಡ ತೋರಿಸುವ ಮುಳ್ಳು ಗೆರೆಗೆ ಬಂದಾಗ ನಟ್ಟು ಇಳಿಸಿ ಕೈ ತೊಳೆದುಕೊಳ್ಳುತ್ತಿದ್ದೆವು. ಸ್ಟಡ್ಡಿನಲ್ಲಿ ನಿಜವಾಗಿ ಎಷ್ಟು ಎಳೆತ ಉಳಿಯುತ್ತದೆ ಎಂದು ನಾನು ಕೇಳಿದರೆ ಹಿರಿಯರೊಬ್ಬರು ನಕ್ಕರು: “ಮುಳ್ಳು ಕಾಣಿಸುವುದಿಲ್ಲವೇ?”

ಕಂಪ್ಯೂಟರಿನಲ್ಲಿ ನಾನು ಲೆಕ್ಕ ಹಾಕಿಸಿದ ಸಿಮ್ಯುಲೇಶನ್ನೂ ಅವರ ಪಕ್ಷವೇ. ಅದರ ತಂತ್ರಾಂಶ ಕ್ಯಾಲ್ಕ್ಯುಲಿಕ್ಸ್ ಪುಕ್ಕಟೆ, ಕಂಪ್ಯೂಟರ್ ಹಳೆಯದು, ಒಂದು ಓಟಕ್ಕೆ ಹದಿನಾಲ್ಕು ಗಂಟೆ. ಸ್ಟಡ್ಡಿಗೆ 800 ಕಿಲೋನ್ಯೂಟನ್ ಎಳೆತ, ಸಿಲಿಂಡರಿಗೆ 180 ಬಾರ್ ಒತ್ತಡ ಕೊಟ್ಟರೆ ಹೆಡ್ಡು ಕೂರುವ ಕೂಡುಮುಖ ಎಲ್ಲಿಯೂ ಬಾಯಿ ಬಿಡುವುದಿಲ್ಲ ಎಂದು ಸಾಧಿಸುತ್ತಿತ್ತು. ಆ 800 ಎಲ್ಲಿಂದ ಬಂತು? ಅದೇ ಮುಳ್ಳಿನಿಂದ.

ಸ್ಟಡ್ಡಿನ ನಡುವೆ 2 ಮಿಲಿಮೀಟರ್ ರಂಧ್ರ ಕೊರೆದು ಒಳಗೆ ಸ್ಟ್ರೇನ್ ಗೇಜ್ (ಲೋಹ ಎಷ್ಟು ಹಿಗ್ಗಿತೆಂದು ಅಳೆಯುವ ಪುಟ್ಟ ಪಟ್ಟಿ) ಅಂಟಿಸುತ್ತೇನೆ ಎಂದಾಗ ಗದ್ದಲವಾಯಿತು. ಒಳ್ಳೆಯ ಸ್ಟಡ್ಡು ಹಾಳು ಮಾಡುತ್ತಾನಂತೆ! 52 ಮಿಲಿಮೀಟರ್ ದಪ್ಪದ ಕಾಂಡದಲ್ಲಿ ಆ ತೂತು ಲೆಕ್ಕಕ್ಕೇ ಬಾರದು. ಪೀಣ್ಯದಲ್ಲಿ, ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ ಸ್ಪಾರ್ಕ್ ಯಂತ್ರದಲ್ಲಿ ಕೊರೆಸಿದೆ, ತೂತಿಗೆ ಒಂಬೈನೂರೋ ಸಾವಿರವೋ. ಗೇಜ್ ಒಂದಕ್ಕೆ ನಾಲ್ಕು ಸಾವಿರದ ಹತ್ತಿರ. ಮೊದಲ ಎರಡು ಅಂಟಿನೊಳಗಿನ ಗಾಳಿಗುಳ್ಳೆಗೆ ಬಲಿಯಾದವು. ಮೂರನೆಯದಕ್ಕೆ ಗುಳ್ಳೆ ಬಾರದ ಹಾಗೆ ಅಂಟು ತುಂಬಿದೆ. ಆ ವಿಧಾನ ಸದ್ಯಕ್ಕೆ ನನ್ನಲ್ಲಿಯೇ ಇರಲಿ. ಕಾಲೇಜೊಂದರ ನೂರು ಟನ್ನಿನ ಯಂತ್ರದಲ್ಲಿ ಎಳೆಸಿ, ಎಷ್ಟು ಎಳೆತಕ್ಕೆ ಗೇಜ್ ಎಷ್ಟು ತೋರಿಸುತ್ತದೆಂದು ಕ್ಯಾಲಿಬ್ರೇಶನ್ ಮುಗಿಸಿದೆ.

ಜ್ಯಾಕ್ ಹಿಡಿದಿದ್ದಾಗ ಗೇಜ್ 1,830 ಮೈಕ್ರೋಸ್ಟ್ರೇನಿನ (ಉದ್ದದ ಹತ್ತು ಲಕ್ಷದಲ್ಲಿ ಒಂದು ಪಾಲು ಹಿಗ್ಗಿದರೆ ಒಂದು ಮೈಕ್ರೋಸ್ಟ್ರೇನ್) ಆಸುಪಾಸು ತೋರಿಸಿತು. ಒತ್ತಡ ಬಿಟ್ಟ ಕ್ಷಣ 1,500ಕ್ಕೆ ಕುಸಿಯಿತು. ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಎಳೆತ ಸ್ಕ್ರೂವಿನ ಎಳೆಗಳ ನಡುವೆ, ವಾಷರಿನ ಕೆಳಗಿನ ಕೊಳೆಯಲ್ಲಿ, ಕೈಯಲ್ಲಷ್ಟೇ ಇಳಿಸಿದ ನಟ್ಟಿನಲ್ಲಿ ಕರಗಿಹೋಗಿತ್ತು. ಹಿರಿಯರು ಮುಳ್ಳನ್ನೂ ನನ್ನ ಪರದೆಯನ್ನೂ ಎರಡೆರಡು ಸಲ ನೋಡಿದರು.

ಎಂಜಿನ್ ಓಡಿದಾಗ ನಾನೂ ಮಂಗನಾದೆ. ಹೆಡ್ಡು ಬಿಸಿಯಾದಂತೆ ಗೇಜಿನ ಓದು ಏರಿತು. ಎಳೆತ ಹೆಚ್ಚಿತೆಂದು ಸಂಭ್ರಮಿಸಿದೆ. ಅರ್ಧಕ್ಕರ್ಧ ಬರಿಯ ಶಾಖದ ಆಟ. ಅದೇ ಉಕ್ಕಿನ ತುಂಡಿಗೆ ಇನ್ನೊಂದು ಗೇಜ್ ಅಂಟಿಸಿ, ಎಳೆತವಿಲ್ಲದೆ ಹೆಡ್ಡಿನ ಮೇಲೆ ಇಟ್ಟು, ಅದರ ಓದನ್ನು ಕಳೆದೆ. ನಡುವೆ ಅಲ್ಟ್ರಾಸಾನಿಕ್‌ನಿಂದ ಸ್ಟಡ್ಡಿನ ಉದ್ದ ಅಳೆಯಲು ಹೋಗಿ ನಾಲ್ಕು ದಿನ ಕಳೆದೆ. ಬಿಸಿಯಾದರೆ ಉಕ್ಕಿನಲ್ಲಿ ಶಬ್ದದ ವೇಗವೇ ಬದಲಾಗುತ್ತದೆ. ತಣ್ಣಗಿದ್ದರೆ ಮಾತ್ರ ಅದು ನಂಬಿಕಸ್ಥ.

ಸಿಲಿಂಡರಿನೊಳಗಿನ ಪ್ರತಿ ಸ್ಫೋಟಕ್ಕೂ ಸ್ಟಡ್ಡು 140 ಮೈಕ್ರೋಸ್ಟ್ರೇನಿನಷ್ಟು ಮಿಡಿಯುತ್ತಿತ್ತು, ಕಂಪ್ಯೂಟರಿನ ಮಾದರಿ 75 ಎನ್ನುತ್ತಿತ್ತು. 800 ಕಿಲೋನ್ಯೂಟನ್ನಿನ ಜಾಗದಲ್ಲಿ ಗೇಜ್ ಹೇಳಿದ 650 ಬರೆದು ಮಾದರಿಯನ್ನು ಮತ್ತೆ ಓಡಿಸಿದೆ. ಬೆಳಿಗ್ಗೆ ನೋಡಿದರೆ ಉಂಗುರದ ಒಳಅಂಚು ಬಿಚ್ಚಿಕೊಂಡಿತ್ತು, ಮಿಡಿತ 125ರ ಸುಮಾರು. ಗ್ಯಾಸ್ ಬಿಟ್ಟ ಕಪ್ಪು ಕಲೆಯೂ ಅದೇ ಮಗ್ಗುಲಿನಲ್ಲಿತ್ತು.

ಈಗ ಎಲ್ಲ ಹೆಡ್ಡುಗಳಿಗೂ ವಾಷರ್ ಒರೆಸಿ ಸ್ಟಡ್ಡುಗಳನ್ನು ಎರಡು ಸಲ ಎಳೆಯುತ್ತೇವೆ. ಎರಡನೇ ಎಳೆತದಲ್ಲಿ ನಟ್ಟು ಇನ್ನೂ ತುಸು ತಿರುಗುತ್ತದೆ, ನಷ್ಟ ಏಳೆಂಟು ಶೇಕಡಕ್ಕೆ ಇಳಿಯುತ್ತದೆ. ನಾಲ್ಕನೇ ಹೆಡ್ಡು ಎರಡು ವರ್ಷದಿಂದ ಬಿಚ್ಚಿಲ್ಲ. ಒಟ್ಟು ಖರ್ಚು ಅರವತ್ತು ಸಾವಿರದ ಒಳಗೆ. ಅದರಲ್ಲಿ ಹಾಳಾದ ಎರಡು ಗೇಜುಗಳ ಹಣ ಮಾತ್ರ ಇಂದಿಗೂ ನನ್ನ ಕೈಗೆ ಬಂದಿಲ್ಲ.