ಕಂಡೆನ್ಸರ್ ಮುಟ್ಟೋಕೆ ಹೆದರ್ತಿದ್ದ ನಾನು

ಲ್ಯಾಬ್ ಕೆಲಸಕ್ಕೆ ಸೇರಿ ಎರಡು ವರ್ಷ ಆದ್ರೂ ಮೈಕ್ರೋಸ್ಕೋಪ್‌ನಲ್ಲಿ ನಾನು ಮುಟ್ತಾ ಇದ್ದಿದ್ದು ಮೂರೇ, ದೊಡ್ಡ ಫೋಕಸ್ ಗುಂಡಿ, ಸಣ್ಣ ಫೋಕಸ್ ಗುಂಡಿ, ಆಮೇಲೆ ಲೈಟ್ ಜಾಸ್ತಿ ಕಮ್ಮಿ ಮಾಡೋದು. ಸ್ಲೈಡ್ ಇಡೋ ಸ್ಟೇಜ್ ಕೆಳಗಿರೋ ಕಂಡೆನ್ಸರ್ (ಬೆಳಕನ್ನ ಸ್ಲೈಡ್ ಮೇಲೆ ಒಟ್ಟು ಮಾಡೋ ಲೆನ್ಸ್), ಅದರ ಪಕ್ಕದ ಸ್ಕ್ರೂ, ಬುಡದಲ್ಲಿ ಲೈಟ್ ಸುತ್ತ ಇರೋ ರಿಂಗ್ ಇದೆಲ್ಲ "ಸರ್ವಿಸ್‌ನವರು ಸೆಟ್ ಮಾಡಿಟ್ಟಿದಾರೆ, ಮುಟ್ಟಬೇಡ" ಅಂತ ಮೊದಲ ದಿನವೇ ಯಾರೋ ಹೇಳಿದ್ರು, ನಾನೂ ಸರಿ ಅಂತ ಬಿಟ್ಬಿಟ್ಟೆ. ಬ್ಲಡ್ ಸ್ಮಿಯರ್, ಅಂದ್ರೆ ಸ್ಲೈಡ್ ಮೇಲೆ ತೆಳ್ಳಗೆ ಸವರಿದ ರಕ್ತ, ನೋಡೋವಾಗ ಒಂದು ಕಡೆ ಪಳಪಳ ಬೆಳಕು ಇನ್ನೊಂದು ಕಡೆ ಮಬ್ಬು, ನೂರು ಪಟ್ಟು ದೊಡ್ಡದು ಮಾಡೋ 100ಎಕ್ಸ್ ಲೆನ್ಸ್‌ಗೆ ಹೋದ್ರೂ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣದ ಒಳಗಿನ ಸಣ್ಣ ಕಾಳುಗಳು ಬಿಡಿಬಿಡಿಯಾಗಿ ಕಾಣ್ತಾನೇ ಇರ್ಲಿಲ್ಲ, ಸಾಯಂಕಾಲದ ಹೊತ್ತಿಗೆ ತಲೆ ಸಿಡೀತಿತ್ತು. ಹಳೇ ಡಬ್ಬಾ ಮೈಕ್ರೋಸ್ಕೋಪ್ ಅಂತ ದಿನಾ ಬೈಕೊಂಡೇ ಕೆಲಸ ಮಾಡ್ತಿದ್ದೆ.

ಒಂದಿನ ಸೀನಿಯರ್ ಮೇಡಂ ಬಂದು ನನ್ನ ಕುರ್ಚೀಲಿ ಕೂತು ಕೆಳಗಡೆ ಏನೇನೋ ತಿರುಗಿಸಿ, ಎರಡು ನಿಮಿಷ ಆಗಿರ್ಬೋದು ಅಷ್ಟೇ, "ಈಗ ನೋಡು" ಅಂದ್ರು. ಸ್ಲೈಡ್ ಬದಲಾಯಿಸಿದ್ರಾ ಅಂತ ಕೇಳ್ಬಿಟ್ಟೆ. ಅವರು ನಕ್ಕು, ಎಲ್ಲಾನೂ ಮತ್ತೆ ಕೆಡಿಸಿಟ್ಟು, "ಈಗ ನೀನೇ ಮಾಡು" ಅಂತ ಎದ್ದು ಹೋದ್ರು.

ಇದಕ್ಕೆ ಕೋಲರ್ ಇಲ್ಯುಮಿನೇಶನ್ ಅಂತಾರೆ. ಆಗಸ್ಟ್ ಕೋಲರ್ ಅನ್ನೋ ಜರ್ಮನ್ 1893ರಲ್ಲಿ ಹೇಳಿದ್ದು, ಮೈಕ್ರೋಸ್ಕೋಪ್ ಮೂಲಕ ಫೋಟೋ ತೆಗೆಯೋವಾಗ ಬೆಳಕು ಎಲ್ಲಾ ಕಡೆ ಒಂದೇ ಸಮ ಬೀಳ್ಲಿ ಅಂತ. ಬಲ್ಬ್‌ನ ತಂತಿಯ ಚಿತ್ರ ಸ್ಲೈಡ್ ಮೇಲೆ ಬೀಳದೆ ಕಂಡೆನ್ಸರ್‌ನ ಡಯಾಫ್ರಮ್ (ಬೆಳಕಿನ ದಾರಿ ಹಿಗ್ಗಿಸಿ ಕುಗ್ಗಿಸೋ ಕಿಂಡಿ) ಹತ್ರ ಬೀಳೋ ಹಾಗೆ ಮಾಡೋದು, ಆಗ ಆ ತಂತಿಯ ಒಂದೊಂದು ಚುಕ್ಕೆಯ ಬೆಳಕೂ ಇಡೀ ಫೀಲ್ಡ್‌ಗೆ, ಅಂದ್ರೆ ಕಣ್ಣಿಗೆ ಕಾಣೋ ವೃತ್ತಕ್ಕೆ, ಹರಡ್ಕೊಳ್ಳುತ್ತೆ. ವಿಷಯ ಇಷ್ಟೇ, ಆದ್ರೆ ನನ್ನ ಕೈಗೆ ಬರೋಕೆ ಒಂದು ವಾರ ಹಿಡೀತು.

ಮೊದಲು ಕಣ್ಣು. ಎರಡೂ ಐಪೀಸ್‌ನ (ಕಣ್ಣಿಡೋ ಲೆನ್ಸ್) ಹತ್ರ ದೂರ ಜರುಗಿಸಿ ಎರಡು ವೃತ್ತ ಸೇರಿ ಒಂದೇ ಆಗ್ಬೇಕು, ಇದು ಎಲ್ರಿಗೂ ಗೊತ್ತು. ಎಡಗಡೆ ಐಪೀಸ್ ಮೇಲೆ ಒಂದು ರಿಂಗ್ ಇರುತ್ತಲ್ಲ, ಅದು ಯಾಕೆ ಅಂತ ನಂಗೆ ಗೊತ್ತಿರ್ಲಿಲ್ಲ. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ಸಣ್ಣ ಗುಂಡಿಯಿಂದ ಫೋಕಸ್ ಮಾಡ್ಬೇಕು, ಆಮೇಲೆ ಬಲಗಣ್ಣು ಮುಚ್ಚಿ, ಗುಂಡಿ ಮುಟ್ಟದೆ, ಆ ರಿಂಗ್ ಮಾತ್ರ ತಿರುಗಿಸಿ ಎಡಗಣ್ಣಿಗೆ ಸರಿ ಮಾಡ್ಕೋಬೇಕು. ನನ್ನ ಎರಡು ಕಣ್ಣಿನ ಪವರ್ ಬೇರೆ ಬೇರೆ, ಹಂಗಾಗಿ ಅಷ್ಟು ದಿನ ಒಂದು ಕಣ್ಣು ಯಾವಾಗ್ಲೂ ಒದ್ದಾಡ್ತಾ ಇತ್ತು. ಅರ್ಧ ತಲೆನೋವು ಅಲ್ಲೇ ಹೋಯ್ತು.

ಆಮೇಲೆ 10ಎಕ್ಸ್‌ನಲ್ಲಿ ಸ್ಲೈಡ್ ಫೋಕಸ್ ಮಾಡಿ, ಬುಡದ ರಿಂಗ್ ಅಂದ್ರೆ ಫೀಲ್ಡ್ ಡಯಾಫ್ರಮ್‌ನ ಪೂರ್ತಿ ಸಣ್ಣ ಮಾಡಿದೆ. ಕತ್ತಲೆ ಮಧ್ಯೆ ಬೆಳಕಿನ ಸಣ್ಣ ಬಿಲ್ಲೆ ಕಾಣುತ್ತೆ ಅಂದಿದ್ರು ಮೇಡಂ, ನಂಗೆ ಬರೀ ಮಬ್ಬು ಮಬ್ಬು ಬೆಳಕು. ಏನೋ ಕೆಟ್ಟೋಗಿದೆ ಅಂದ್ಕೊಂಡೆ, ಆಮೇಲೆ ನೋಡಿದ್ರೆ ಕಂಡೆನ್ಸರ್ ಒಂದು ಬೆರಳು ದಪ್ಪದಷ್ಟು ಕೆಳಗೆ ಇಳ್ದಿದೆ, ಯಾರೋ ಯೂರಿನ್ ನೋಡೋಕೆ ಇಳಿಸಿ ಹಂಗೇ ಬಿಟ್ಟಿದ್ರು. ನಿಧಾನಕ್ಕೆ ಮೇಲೆ ತಂದೆ, ಹೆಚ್ಚುಕಮ್ಮಿ ಮೇಲಿನ ತುದಿಗೆ ಬಂದಾಗ ಬಿಲ್ಲೆಯ ಅಂಚು ಚೂಪಾಯ್ತು. ಅಂಚಿನ ಬಣ್ಣ ಒಂದು ಸಲ ಕೆಂಪು ಕಡೆ ಇನ್ನೊಂದು ಸಲ ನೀಲಿ ಕಡೆ ಹೊಯ್ದಾಡುತ್ತೆ, ಅವೆರಡರ ಮಧ್ಯೆ ನಿಲ್ಲಿಸಿದ್ರೆ ಸರಿ. ಬಿಲ್ಲೆ ಮೂಲೇಲಿತ್ತು, ಕಂಡೆನ್ಸರ್‌ನ ಎರಡು ಸ್ಕ್ರೂ ತಿರುಗಿಸಿ ನಡುವೆ ತಂದು, ಫೀಲ್ಡ್‌ನ ಅಂಚು ದಾಟೋವರೆಗೆ ಮಾತ್ರ ತೆರೆದೆ. ಅದಕ್ಕಿಂತ ಜಾಸ್ತಿ ತೆರೆದ್ರೆ ಬೇಡದ ಬೆಳಕು ಒಳಗೆ ಬಂದು ಎಲ್ಲಾ ಬಿಳಿಚಿಕೊಳ್ಳುತ್ತೆ.

ಫೀಲ್ಡ್ ಡಯಾಫ್ರಮ್ ಇಲ್ಲದ ಸಾದಾ ಮೈಕ್ರೋಸ್ಕೋಪ್ ಆದ್ರೆ ಲೈಟ್‌ನ ಗಾಜಿನ ಮೇಲೆ ಪೆನ್ಸಿಲ್ ತುದಿ ಇಟ್ಟು, ಸ್ಲೈಡ್ ಜೊತೆಗೇ ಅದೂ ಸ್ಪಷ್ಟ ಕಾಣೋವರೆಗೆ ಕಂಡೆನ್ಸರ್ ಏರಿಸಿ ಇಳಿಸಿದ್ರೆ ಸಾಕು.

ನಾನು ಜಾಸ್ತಿ ತಪ್ಪು ಮಾಡಿದ್ದು ಕಂಡೆನ್ಸರ್‌ನ ಒಳಗಿನ ಡಯಾಫ್ರಮ್ ವಿಷಯದಲ್ಲಿ. ಬೆಳಕು ಕಣ್ಣಿಗೆ ಚುಚ್ತಿದ್ರೆ ಅದನ್ನ ಮುಚ್ತಿದ್ದೆ. ಮುಚ್ಚಿದ್ರೆ ಮೊದಲ ನೋಟಕ್ಕೆ ಚೆನ್ನಾಗೇ ಕಾಣುತ್ತೆ, ಎಲ್ಲಾ ಗಾಢವಾಗಿ ಗೆರೆ ಹಾಕಿದ ಹಾಗೆ, ಆದ್ರೆ ಅದು ಮೋಸ, ಒಂದೊಂದು ಚುಕ್ಕೆ ಸುತ್ತ ಕಪ್ಪು ಉಂಗುರ ಹುಟ್ಕೊಂಡು ನಿಜವಾದ ಸಣ್ಣ ವಿವರ ಅಳಿಸಿ ಹೋಗಿರುತ್ತೆ. 100ಎಕ್ಸ್ ಆಬ್ಜೆಕ್ಟಿವ್ (ಸ್ಲೈಡ್ ಹತ್ರದ ಲೆನ್ಸ್) ಮೇಲೆ 1.25 ಅಂತ ಬರ್ದಿರುತ್ತಲ್ಲ, ಅದು ಲೆನ್ಸ್ ಎಷ್ಟು ಅಗಲದ ಬೆಳಕು ಹಿಡಿಯುತ್ತೆ ಅನ್ನೋ ಅಳತೆ, ಕಂಡೆನ್ಸರೂ ಅದಕ್ಕೆ ತಕ್ಕ ಹಾಗಿದ್ರೆ ಹಸಿರು ಬೆಳಕಲ್ಲಿ ಸುಮಾರು 0.27 ಮೈಕ್ರಾನ್ ದೂರದ ಎರಡು ಚುಕ್ಕೆ ಬೇರೆ ಬೇರೆ ಕಾಣ್ಬೋದು ಅಂತ ಲೆಕ್ಕ. ಕಂಡೆನ್ಸರ್‌ನ 0.25ಕ್ಕೆ ಮುಚ್ಚಿಟ್ರೆ ಅದೇ ಲೆಕ್ಕ 0.45 ಹತ್ರ ಬರುತ್ತೆ. ಅಷ್ಟು ಒಳ್ಳೆ ಲೆನ್ಸ್ ಇಟ್ಕೊಂಡು ನಾನೇ ಅದರ ಕಣ್ಣು ಕಟ್ಟಿದ್ದೆ. ಬೆಳಕು ಕಮ್ಮಿ ಬೇಕಾದ್ರೆ ಲೈಟ್‌ನ ಗುಂಡಿ ಇದೆ, ಅದನ್ನೇ ತಿರುಗಿಸ್ಬೇಕು. ಡಯಾಫ್ರಮ್ ಎಷ್ಟು ಅಂತ ಗೊತ್ತಾಗ್ಬೇಕಾ, ಒಂದು ಐಪೀಸ್ ತೆಗೆದು ಕೊಳವೆ ಒಳಗೆ ಇಣುಕಿ ನೋಡಿ, ಕಾಣೋ ಬೆಳಕಿನ ತಟ್ಟೆಯ ಮುಕ್ಕಾಲು ಭಾಗ ತೆರೆದಿದ್ರೆ ಸರಿ. ಆಬ್ಜೆಕ್ಟಿವ್ ಬದಲಾಯಿಸಿದಾಗೆಲ್ಲ ಇದನ್ನೂ ಬದಲಾಯಿಸ್ಬೇಕು, ಸೋಮಾರಿತನ ಮಾಡೋ ಹಾಗಿಲ್ಲ. ಸ್ಟೇನ್ ಮಾಡದ, ಅಂದ್ರೆ ಬಣ್ಣ ಹಾಕದ, ಯೂರಿನ್ ಥರದ್ದಕ್ಕೆ ಮಾತ್ರ ನಾನು ಇನ್ನೂ ಸ್ವಲ್ಪ ಮುಚ್ತೀನಿ, ಇಲ್ಲಾಂದ್ರೆ ಹಯಲೈನ್ ಕಾಸ್ಟ್ ಅನ್ನೋ ಪಾರದರ್ಶಕ ಕೊಳವೆಯಾಕಾರದ ಕಣ ಎದುರಿಗೇ ಇದ್ರೂ ಕಣ್ಣಿಗೆ ಬೀಳಲ್ಲ.

ಇಷ್ಟೆಲ್ಲ ಮಾಡಿದ್ಮೇಲೂ 40ಎಕ್ಸ್ ಮಾತ್ರ ಸರಿ ಹೋಗ್ಲಿಲ್ಲ. ಎರಡು ಕಾರಣ ಸಿಕ್ತು. ಒಂದು, 100ಎಕ್ಸ್‌ನಿಂದ ವಾಪಸ್ ಬರೋವಾಗ 100ಎಕ್ಸ್‌ಗೆ ಅಂತ ಸ್ಲೈಡ್‌ಗೆ ಹಾಕಿದ್ದ ಆಯಿಲ್ ಮೇಲೆ ನಾನೇ 40ಎಕ್ಸ್‌ನ ಹಾಯಿಸಿದ್ದೆ, ಅದರ ತುದಿ ತುಂಬಾ ಒಣಗಿದ ಆಯಿಲ್. ಲೆನ್ಸ್ ಪೇಪರ್‌ಗೆ ಕ್ಲೀನರ್ ಒಂಚೂರು ತಾಗಿಸಿ, ಒತ್ತದೆ, ನಾಲ್ಕೈದು ಸಲ ಹೊಸ ಹೊಸ ಪೇಪರ್ ತಗೊಂಡು ಒರೆಸಿದೆ. ಇನ್ನೊಂದು, ಅದರ ಮೇಲೆ 0.17 ಅಂತ ಬರ್ದಿತ್ತು, ಅಂದ್ರೆ ಅಷ್ಟು ಮಿಲಿಮೀಟರ್ ದಪ್ಪದ ಕವರ್ ಸ್ಲಿಪ್ (ಸ್ಲೈಡ್ ಮೇಲೆ ಮುಚ್ಚೋ ತೆಳು ಗಾಜು) ಇದೆ ಅಂದ್ಕೊಂಡೇ ಆ ಲೆನ್ಸ್ ಮಾಡಿರೋದು, ನಮ್ಮ ಸ್ಮಿಯರ್ ಮೇಲೆ ಕವರ್ ಸ್ಲಿಪ್ಪೇ ಇರಲ್ಲ. ಒಂದು ಹನಿ ಆಯಿಲ್ ಹಾಕಿ ಕವರ್ ಸ್ಲಿಪ್ ಕೂರಿಸಿ ನೋಡಿದೆ, ಮಬ್ಬು ಹೋಯ್ತು. ಹಾಂ, ಸ್ಲೈಡ್ ಮೇಲೆ ಕೆಳಗಾಗಿ ಇಟ್ಟು 10ಎಕ್ಸ್‌ನಲ್ಲಿ ಚೆನ್ನಾಗಿ ಕಂಡು 40ಎಕ್ಸ್‌ಗೆ ಫೋಕಸೇ ಬರದೆ ಪರದಾಡಿದ್ದೂ ಇದೆ, ಸ್ಲೈಡ್ ಗಾಜೇ ಒಂದು ಮಿಲಿಮೀಟರ್ ದಪ್ಪ, ಆ ಲೆನ್ಸ್ ಅಷ್ಟು ದೂರದಿಂದ ಫೋಕಸ್ ಆಗೋದಾದ್ರೂ ಹೇಗೆ.

ಕಪ್ಪು ಚುಕ್ಕೆ ಕಂಡ್ರೆ ಎಲ್ಲಾನೂ ಒರೆಸೋಕೆ ಹೋಗ್ಬೇಡಿ. ಐಪೀಸ್ ತಿರುಗಿಸಿದಾಗ ಚುಕ್ಕೆ ಜೊತೆಗೇ ತಿರುಗಿದ್ರೆ ಧೂಳು ಐಪೀಸ್‌ದು, ಸ್ಲೈಡ್ ಸರಿಸಿದಾಗ ಸರಿದ್ರೆ ಸ್ಲೈಡ್‌ದು, ಎರಡಕ್ಕೂ ಅಲುಗದೆ ಕಂಡೆನ್ಸರ್ ಇಳಿಸಿದಾಗ ಮಾಯ ಆದ್ರೆ ಕೆಳಗಡೆ ಗಾಜಿಂದು.

ಈಗ ಬೆಳಿಗ್ಗೆ ಕೂತ ತಕ್ಷಣ ಕೈ ತಾನಾಗೇ ಕಂಡೆನ್ಸರ್‌ಗೆ ಹೋಗುತ್ತೆ. ರಾತ್ರಿ ಡ್ಯೂಟಿಯವರು ದಿನಾ ಅದನ್ನ ಕೆಳಗೆ ಇಳಿಸಿಟ್ಟು ಹೋಗ್ತಾರೆ, ನಾನು ದಿನಾ ಮೇಲೆ ತರ್ತೀನಿ.