ಪಿಐ ಪಾಲಿಸಿ: ಮೊದಲು ತಾರೀಕು ನೋಡಿ, ಆಮೇಲೆ ಪ್ರೀಮಿಯಂ

2024ರಲ್ಲಿ ದಾವಣಗೆರೆಯ ತೆರಿಗೆ ಸಲಹೆಗಾರರೊಬ್ಬರು ದಪ್ಪ ಫೈಲ್ ಹಿಡಿದು ನನ್ನ ಆಫೀಸಿಗೆ ಬಂದರು. "ಸರ್, ಪಾಲಿಸಿ ಇದೆ, ಪ್ರೀಮಿಯಂ ಕಟ್ಟಿದೀನಿ. ಆದ್ರೂ ಕ್ಲೈಮ್ ಕೊಡಲ್ಲ ಅಂತಿದಾರೆ" ಎಂದರು. ಫೈಲ್ ತಿರುವಿ ನೋಡಿದೆ. ಬೇಜಾರಿನ ವಿಷಯ ಏನೆಂದರೆ, ಕಂಪನಿ ಹೇಳಿದ್ದು ಸರಿಯಾಗಿಯೇ ಇತ್ತು.

ಇದೇ ತಪ್ಪನ್ನು ಇನ್ನೂ ಹಲವರು ಮಾಡಿದ್ದನ್ನು ನೋಡಿದ್ದೇನೆ. ಅದಕ್ಕೇ ಈ ಲೇಖನ.

ನಾವು ಮಾತನಾಡುತ್ತಿರುವುದು ಪ್ರೊಫೆಷನಲ್ ಇಂಡೆಮ್ನಿಟಿ, ಅಂದರೆ ಪಿಐ ಪಾಲಿಸಿ ಬಗ್ಗೆ. ನಿಮ್ಮ ಕೆಲಸದಲ್ಲಾದ ತಪ್ಪಿನಿಂದ ಗಿರಾಕಿಗೆ ನಷ್ಟವಾಗಿ, ಅವರು ಪರಿಹಾರ ಕೇಳಿದರೆ ಆ ದುಡ್ಡನ್ನೂ ವಕೀಲರ ಖರ್ಚನ್ನೂ ನೋಡಿಕೊಳ್ಳುವ ವಿಮೆ ಇದು.

1. ನಿಮಗೆ ಬೇಕಾ?

ನಿಮ್ಮ ಸಹಿ, ನಕ್ಷೆ, ಲೆಕ್ಕ ಅಥವಾ ಸಲಹೆ ನಂಬಿ ಯಾರಾದರೂ ದುಡ್ಡು ಹಾಕುತ್ತಾರಾ? ಹಾಗಿದ್ದರೆ ಬೇಕು. ಆಡಿಟರ್, ಆರ್ಕಿಟೆಕ್ಟ್, ಸಿವಿಲ್ ಎಂಜಿನಿಯರ್, ಸಾಫ್ಟ್‌ವೇರ್ ಮಾಡಿಕೊಡುವವರು, ಎಲ್ಲರೂ ಇದರಲ್ಲಿ ಬಂದರು. ಡಾಕ್ಟರುಗಳು ಗ್ರಾಹಕ ಕಾನೂನಿನ ಕೆಳಗೆ ಬರುತ್ತಾರೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ವಕೀಲರು ಬರುವುದಿಲ್ಲ ಎಂದು 2024ರಲ್ಲಿ ಹೇಳಿತು. ಹಾಗಂತ ಸಿವಿಲ್ ಕೋರ್ಟಿನ ಬಾಗಿಲೇನೂ ಮುಚ್ಚಿಲ್ಲ.

"ನಮ್ಮ ಆಫೀಸಿನ ಪ್ಯಾಕೇಜ್ ಪಾಲಿಸಿಯಲ್ಲಿ ಲಯಬಿಲಿಟಿ ಇದೆಯಲ್ಲ" ಎನ್ನುವವರು ಸ್ವಲ್ಪ ನಿಲ್ಲಿ. ಅದು ಸಾಮಾನ್ಯವಾಗಿ ಪಬ್ಲಿಕ್ ಲಯಬಿಲಿಟಿ. ಒರೆಸಿದ ಒದ್ದೆ ನೆಲದ ಮೇಲೆ ಗಿರಾಕಿ ಜಾರಿ ಬಿದ್ದರೆ ಅದು ಕೊಡುತ್ತದೆ, ನೀವು ರಿಟರ್ನ್ ತಪ್ಪು ಹಾಕಿದರೆ ಕೊಡುವುದಿಲ್ಲ. ಇದನ್ನೇ "ಎಲ್ಲಾ ಕವರ್ ಆಗುತ್ತೆ" ಎಂದು ಮಾರುವವರಿದ್ದಾರೆ. ಅಂಥವರಿಗೆ ಕಾಫಿ ಕೊಟ್ಟು ಕಳಿಸಿ, ಚೆಕ್ ಬೇಡ.

2. ಎಷ್ಟು ಮೊತ್ತಕ್ಕೆ?

ನಿಮ್ಮ ಅತಿ ದೊಡ್ಡ ಗಿರಾಕಿಗೆ ನಿಮ್ಮಿಂದ ಎಷ್ಟು ನಷ್ಟ ಆಗಬಹುದು ಎಂದು ಯೋಚಿಸಿ. ನಿಮ್ಮ ಫೀಸು ನೋಡಿ ಲೆಕ್ಕ ಹಾಕಬೇಡಿ. ಜೊತೆಗೆ ಒಂದು ಪ್ರಕರಣದ ಮಿತಿಗೂ ವರ್ಷದ ಒಟ್ಟು ಮಿತಿಗೂ 1:1, 1:2, 1:4 ಎಂಬ ಅನುಪಾತ ಇರುತ್ತದೆ. ವರ್ಷದ ಮಿತಿ 20 ಲಕ್ಷ, ಅನುಪಾತ 1:4 ಎಂದರೆ ಒಂದು ಪ್ರಕರಣಕ್ಕೆ ಸಿಗುವುದು 5 ಲಕ್ಷ ಮಾತ್ರ. ಪ್ರೀಮಿಯಂ ಕಡಿಮೆ ಎಂದು ಏಜೆಂಟರು ಇದನ್ನೇ ಮುಂದಿಡುತ್ತಾರೆ. ಸಣ್ಣ ಆಫೀಸಿಗೆ ಒಂದೇ ವರ್ಷ ನಾಲ್ಕು ಕೇಸು ಬರುವುದು ಅಪರೂಪ, ಬಂದರೆ ಒಂದು ದೊಡ್ಡದು ಬರುತ್ತದೆ. ಆದ್ದರಿಂದ 1:1 ತಗೊಳ್ಳಿ, ಚೌಕಾಸಿ ಬೇಡ.

ಪ್ರತಿ ಕ್ಲೈಮ್‌ನಲ್ಲೂ ಮೊದಲ ಇಷ್ಟು ದುಡ್ಡು ನಿಮ್ಮದೇ ಕೈಯಿಂದ ಹೋಗುತ್ತದೆ, ಅದಕ್ಕೆ ಎಕ್ಸೆಸ್ ಎನ್ನುತ್ತಾರೆ. ಅದನ್ನೂ ಕೇಳಿಕೊಳ್ಳಿ.

3. ತಾರೀಕು

ಇಲ್ಲಿ ನಿಧಾನವಾಗಿ ಓದಿ.

ಬೈಕ್ ಇನ್ಶೂರೆನ್ಸ್ ಎಲ್ಲರಿಗೂ ಗೊತ್ತು. ಗುದ್ದಿದ ದಿನ ಪಾಲಿಸಿ ಇತ್ತಾ? ಇದ್ದರೆ ಮುಗಿಯಿತು. ಪಿಐ ಹಾಗಲ್ಲ. ನಮ್ಮಲ್ಲಿ ಸಿಗುವ ಪಿಐ ಪಾಲಿಸಿಗಳು ಸಾಮಾನ್ಯವಾಗಿ 'ಕ್ಲೈಮ್ಸ್ ಮೇಡ್' ಲೆಕ್ಕದವು. ಅಲ್ಲಿ ಎರಡು ತಾರೀಕು ಕೂಡಿ ಬರಬೇಕು. ಗಿರಾಕಿ ನಿಮ್ಮ ಮೇಲೆ ಕ್ಲೈಮ್ ಮಾಡಿದ ದಿನ ಪಾಲಿಸಿ ಚಾಲ್ತಿಯಲ್ಲಿರಬೇಕು. ತಪ್ಪು ನಡೆದ ದಿನ, ಪಾಲಿಸಿಯಲ್ಲಿ ಬರೆದಿರುವ 'ರೆಟ್ರೋಆಕ್ಟಿವ್ ಡೇಟ್' ನಂತರದ್ದಾಗಿರಬೇಕು.

ಈ ಡೇಟ್ ಸಾಮಾನ್ಯವಾಗಿ ನೀವು ಮೊದಲ ಪಾಲಿಸಿ ತಗೊಂಡ ದಿನ. ಒಂದು ದಿನವೂ ತಪ್ಪದೆ ರಿನ್ಯೂ ಮಾಡುತ್ತಾ ಹೋದರೆ ಅದು ಹಾಗೇ ಉಳಿಯುತ್ತದೆ. ತಪ್ಪಿಸಿದಿರೋ, ಹೊಸ ಪಾಲಿಸಿ, ಹೊಸ ತಾರೀಕು. ಹಿಂದಿನ ವರ್ಷಗಳ ಕೆಲಸವೆಲ್ಲ ಹೊರಗೆ.

ಈಗ ದಾವಣಗೆರೆಯ ಫೈಲ್ ನೋಡೋಣ. ಮೊದಲ ಪಾಲಿಸಿ 2021ರ ಜುಲೈ 12ರಿಂದ. ಒಂದು ಸಲ ರಿನ್ಯೂ ಆಯಿತು. ಗಿರಾಕಿಯೊಬ್ಬರ 2021-22ರ ಖರೀದಿ ಬಿಲ್ಲುಗಳ ಜಿಎಸ್‌ಟಿ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಪಡೆಯಲು 2022ರ ನವೆಂಬರ್ 30 ಕೊನೆ ದಿನ. ಒಂದು ಕಟ್ಟು ಬಿಲ್ ಬೀರುವಿನಲ್ಲೇ ಉಳಿದುಹೋಯಿತು. ನಷ್ಟ 3,80,000 ರೂಪಾಯಿ. ಆಗ ಯಾರಿಗೂ ಗೊತ್ತಾಗಲಿಲ್ಲ.

2023ರ ಜುಲೈ 11ಕ್ಕೆ ಪಾಲಿಸಿ ಮುಗಿಯಿತು. ಇವರು ರಿಟರ್ನ್ ಗಡಿಬಿಡಿಯಲ್ಲಿದ್ದರು. ಆಗಸ್ಟ್ 4ಕ್ಕೆ ಬೇರೆ ಕಂಪನಿಯಲ್ಲಿ ತಗೊಂಡರು, 1,400 ರೂಪಾಯಿ ಉಳಿಯಿತು ಎಂಬ ಖುಷಿ ಬೇರೆ. ಹೊಸ ಪಾಲಿಸಿಯ ಎರಡನೇ ಪುಟದಲ್ಲಿ ರೆಟ್ರೋಆಕ್ಟಿವ್ ಡೇಟ್: 04-08-2023. 2024ರ ಜೂನ್‌ನಲ್ಲಿ ಗಿರಾಕಿಯ ನೋಟಿಸ್ ಬಂತು. ಅಂದು ಪಾಲಿಸಿ ಇತ್ತು, ನಿಜ. ಆದರೆ ತಪ್ಪು ನಡೆದದ್ದು 2022ರಲ್ಲಿ. ಹಳೆ ಪಾಲಿಸಿ ಕೇಳೋಣವೆಂದರೆ ಅದು ಮುಗಿದು ವರ್ಷವಾಗುತ್ತಾ ಬಂದಿತ್ತು. 23 ದಿನದ ಗ್ಯಾಪು, ಎರಡೂ ಕಡೆಯಿಂದ ಸೊನ್ನೆ.

ಕಂಪನಿ ಬದಲಿಸಲೇಬಾರದು ಎಂದಲ್ಲ. ಹಳೆ ಪಾಲಿಸಿ ಮುಗಿಯುವ ಮೊದಲೇ ಅದರ ಪ್ರತಿಗಳನ್ನು ಕೊಟ್ಟು, "ಹಳೆ ರೆಟ್ರೋಆಕ್ಟಿವ್ ಡೇಟನ್ನೇ ಮುಂದುವರಿಸಿ" ಎಂದು ಇಮೇಲ್‌ನಲ್ಲಿ ಕೇಳಿ. ಬಾಯಿಮಾತಿನ "ಆಗುತ್ತೆ ಸರ್" ಲೆಕ್ಕಕ್ಕಿಲ್ಲ. ಪಾಲಿಸಿ ಕೈಗೆ ಬಂದ ದಿನವೇ ಆ ಸಾಲು ಹುಡುಕಿ, ಪೆನ್ನಿನಲ್ಲಿ ಸುತ್ತು ಹಾಕಿ.

ವೃತ್ತಿ ನಿಲ್ಲಿಸುವವರಿಗೂ ಇದೇ ಮಾತು. ಕಟ್ಟಡ ಬಿರುಕು ಬಿಡುವಾಗ ಎಂಜಿನಿಯರ್ ರಿಟೈರ್ ಆದರಾ ಎಂದು ನೋಡುವುದಿಲ್ಲ. ಪಾಲಿಸಿ ಮುಗಿದ ಮೇಲೂ ಕೆಲವು ಕಾಲ ಕ್ಲೈಮ್ ತಿಳಿಸಲು ಅವಕಾಶ ಸಿಗುತ್ತದಾ ಎಂದು ನಿಲ್ಲಿಸುವ ಮೊದಲೇ ವಿಚಾರಿಸಿ.

4. ಫಾರಂ ನೀವೇ ತುಂಬಿ

ಏಜೆಂಟರು ಎಲ್ಲ ಕಡೆ 'ಇಲ್ಲ' ಟಿಕ್ ಮಾಡಿ ಸಹಿ ಹಾಕಿಸಿಕೊಳ್ಳುತ್ತಾರೆ, ಸುಮ್ನೆ ಸಹಿ ಮಾಡಬೇಡಿ. "ಮುಂದೆ ಕ್ಲೈಮ್ ಆಗಬಹುದಾದ ಸಂಗತಿ ಏನಾದರೂ ಗೊತ್ತೇ?" ಎಂಬ ಪ್ರಶ್ನೆ ಇರುತ್ತದೆ. ಗೊತ್ತಿದ್ದೂ ಮುಚ್ಚಿಟ್ಟರೆ ಕ್ಲೈಮ್ ಹೋದಂತೆ. ಬೇಕೆಂದೇ ಮಾಡಿದ ತಪ್ಪು, ಕ್ರಿಮಿನಲ್ ಕೃತ್ಯ, ದಂಡ, ಇವು ಯಾವ ಪಿಐನಲ್ಲೂ ಸಿಗುತ್ತವೆ ಎಂದು ನಂಬಬೇಡಿ.

5. ನೋಟಿಸ್ ಬಂದಾಗ

"ಸಾರಿ, ನನ್ನದೇ ತಪ್ಪು, ಕಟ್ಟಿಕೊಡ್ತೀನಿ" ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆಯಬೇಡಿ. ಒಳ್ಳೆ ಮನಸ್ಸಿನವರೇ ಇದನ್ನು ಜಾಸ್ತಿ ಮಾಡುವುದು. ಕಂಪನಿಯ ಒಪ್ಪಿಗೆ ಇಲ್ಲದೆ ಹೊಣೆ ಒಪ್ಪಿಕೊಂಡರೆ ಅವರು ಕೈಬಿಡಬಹುದು. ವಕೀಲರನ್ನು ನೇಮಿಸುವ ಮೊದಲೂ ಅವರನ್ನು ಕೇಳಿ. "ನಿಮ್ಮಿಂದ ನಷ್ಟ ಆಯ್ತು" ಎಂಬ ಒಂದು ಸಾಲಿನ ಮೆಸೇಜ್ ಬಂದರೂ ಅದನ್ನು ಕಂಪನಿಗೆ ಅದೇ ವಾರ ಇಮೇಲ್ ಮಾಡಿ. ಗ್ರಾಹಕ ಆಯೋಗದ ನೋಟಿಸ್ ಆದರೆ ಉತ್ತರಕ್ಕೆ 30 ದಿನ, ಆಯೋಗ ಕೊಟ್ಟರೆ ಇನ್ನೂ 15. ಅದರಾಚೆ ಒಂದು ದಿನವೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿಬಿಟ್ಟಿದೆ.

ಕಂಪನಿ ಕ್ಲೈಮ್ ನಿರಾಕರಿಸಿದರೆ ಮೊದಲು ಅವರಲ್ಲೇ ಲಿಖಿತ ದೂರು ಕೊಡಿ. ಒಬ್ಬರೇ ಮಾಲೀಕರಿರುವ ಆಫೀಸು ಅಥವಾ ಮೈಕ್ರೋ ಉದ್ಯಮ ನಿಮ್ಮದಾದರೆ ಆಮೇಲೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ಅಧಿಕಾರಿ ಬಳಿ ಹೋಗಬಹುದು. 50 ಲಕ್ಷದವರೆಗೆ, ಶುಲ್ಕವಿಲ್ಲ, ವಕೀಲರೂ ಬೇಡ. ದಾವಣಗೆರೆಯ ಆ ಸಲಹೆಗಾರರಿಗೆ ಮಾತ್ರ ಅಲ್ಲಿಗೆ ಹೋಗಿ ಎನ್ನಲು ನನಗೆ ಬಾಯಿ ಬರಲಿಲ್ಲ. ಗಿರಾಕಿಗೆ ತಿಂಗಳಿಗೆ 15,000ದಂತೆ ಕಟ್ಟುತ್ತಿದ್ದಾರೆ.