ಹನ್ನೊಂದು ಶೇವಿಂಗ್ ಸೋಪು, ಒಂದು ಸ್ಟೀಲ್ ಬಟ್ಟಲು

ಹೋದ ತಿಂಗಳು ಮೈಸೂರಿನಿಂದ ಬೆಂಗಳೂರಿಗೆ, ಮಗನ ಮನೆಗೆ ಹೋಗಿದ್ದೆ. ಮೊಮ್ಮಗನ ಬಚ್ಚಲುಮನೆಗೆ ಕಾಲಿಟ್ಟವಳಿಗೆ ಮೈ ಉರಿಯಿತು. ಶವರಿನ ಕೆಳಗೇ ಇರುವ ಗೂಡಿನಲ್ಲಿ ಶೇವಿಂಗ್ ಸೋಪುಗಳ ಸಾಲು. ಎಣಿಸಿದೆ. ಹನ್ನೊಂದು! ಮರದ ಬಟ್ಟಲಿನದು ಒಂದು, ತಗಡಿನ ಡಬ್ಬಿಯವು ಎರಡು, ಕಡ್ಡಿಯಂತೆ ಉದ್ದ ಇರುವವು ಮೂರು, ಮಿಕ್ಕ ಐದು ಬರೀ ದುಂಡು ಬಿಲ್ಲೆಗಳು. ಎಲ್ಲವನ್ನೂ ಒಡೆದು ಶುರುಮಾಡಿದ್ದಾನೆ, ಒಂದನ್ನೂ ಮುಗಿಸಿಲ್ಲ. ಅರ್ಧಕ್ಕರ್ಧ ನೀರು ಕುಡಿದು ಹಲ್ವದ ಹಾಗೆ ಆಗಿವೆ. ಮರದ ಬಟ್ಟಲು ಬಿರುಕು ಬಿಟ್ಟಿದೆ.

"ಏನೋ ಪುಟ್ಟ ಇದು?" ಎಂದು ಕೇಳಿದರೆ, "ಕಲೆಕ್ಷನ್ ಅಜ್ಜಿ, ದಿನಕ್ಕೊಂದು ಹಾಕ್ಕೋತೀನಿ" ಎಂದ.

ದಿನಾ ಶವರಿನ ಕೆಳಗೆ ನೆನೆದರೆ ಯಾವುದೂ ಒಣಗುವುದಿಲ್ಲ, ದಿನಕ್ಕೊಂದು ಹಾಕಿದರೆ ಯಾವುದೂ ಮುಗಿಯುವುದಿಲ್ಲ. ಇದು ಅವನೊಬ್ಬನ ಕತೆ ಅಲ್ಲ. ನನ್ನ ತಂಗಿಯ ಅಳಿಯನ ಮನೆಯಲ್ಲೂ ಇದೇ ಪಾಡು. ದುಡ್ಡು ಕೊಟ್ಟು ತಂದ ಒಳ್ಳೇ ಸಾಮಾನು ಬಚ್ಚಲಿನಲ್ಲಿ ಕರಗಿ ಮೋರಿಗೆ ಹೋಗುವುದನ್ನು ನನ್ನಿಂದ ನೋಡಲಾಗದು. ಅದಕ್ಕೇ ಬರೆಯುತ್ತಿದ್ದೇನೆ.

ಹೆಂಗಸಿಗೆ ಗಡ್ಡದ ವಿಷಯ ಏನು ಗೊತ್ತು ಎನ್ನಬೇಡಿ. ನಮ್ಮ ಯಜಮಾನರಿಗೆ ಪಾರ್ಶ್ವವಾಯು ಹೊಡೆದ ಮೇಲೆ ಆರು ವರ್ಷ ನಾನೇ ಅವರಿಗೆ ಶೇವ್ ಮಾಡಿದ್ದೇನೆ. ಬಚ್ಚಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿ, ಹ್ಯಾಂಡ್ ಶವರಿನಲ್ಲಿ ಸ್ನಾನ ಮಾಡಿಸಿ, ಆ ಒದ್ದೆ ಮುಖದ ಮೇಲೇ ನೊರೆ ಹಚ್ಚುತ್ತಿದ್ದೆ. ಒಂದು ದಿನವೂ ಗೀರು ಬೀಳಿಸಲಿಲ್ಲ. ಮೊದಲೆಲ್ಲ ಅವರು ಕನ್ನಡಿ ಮುಂದೆ ನಿಂತು, ತಣ್ಣೀರು ಚಿಮುಕಿಸಿ, ಗಡಿಬಿಡಿಯಲ್ಲಿ ಮುಗಿಸಿ, ಕತ್ತಿನ ಮೇಲೆ ಕೆಂಪು ಗುಳ್ಳೆ ಎಬ್ಬಿಸಿಕೊಂಡು ಆಫೀಸಿಗೆ ಓಡುತ್ತಿದ್ದರು. ಬಚ್ಚಲಿನಲ್ಲಿ ಶೇವ್ ಶುರುಮಾಡಿದ ಮೇಲೆ ಆ ಗುಳ್ಳೆ ಏಳಲೇ ಇಲ್ಲ. ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ನೆನೆದರೆ ಗಡ್ಡದ ಕೂದಲು ನೀರು ಹೀರಿ ಮೆತ್ತಗಾಗುತ್ತದೆ. ಬ್ಲೇಡು ಎಳೆದಾಡದೆ ಕತ್ತರಿಸುತ್ತದೆ. ಹಾಗಾಗಿ ಸ್ನಾನ ಮೊದಲು, ಶೇವ್ ಕೊನೆಗೆ. ಇದನ್ನು ತಿರುಗುಮುರುಗು ಮಾಡುವವರೇ ಜಾಸ್ತಿ.

ಇನ್ನು ಸೋಪಿನ ವಿಷಯಕ್ಕೆ ಬರೋಣ. ಶವರಿನಲ್ಲಿ ಶೇವ್ ಮಾಡುವವರು ಮಾಡುವ ದೊಡ್ಡ ತಪ್ಪು, ಸೋಪನ್ನೂ ತಮ್ಮ ಜೊತೆ ಸ್ನಾನಕ್ಕೆ ನಿಲ್ಲಿಸುವುದು. ನೆನೆಯಬೇಕಾದ್ದು ಗಡ್ಡ, ಸೋಪಲ್ಲ. ಸೋಪಿನ ಬಟ್ಟಲು ನೀರು ಸಿಡಿಯದ ಕಡೆ ಇರಲಿ. ಕೈಗೆ ಎಟುಕಬೇಕು, ಹನಿ ಬೀಳಬಾರದು. ನಮ್ಮ ಮನೆಯಲ್ಲಿ ಕಿಟಕಿ ಕಟ್ಟೆಯ ಮೇಲೆ ಇಡುತ್ತಿದ್ದೆ. ಶೇವ್ ಆದ ಮೇಲೆ ಬಟ್ಟಲಿನಲ್ಲಿ ಉಳಿದ ನೊರೆ ಚೆಲ್ಲಿ, ಓರೆಯಾಗಿ ಇಟ್ಟು, ಪೂರ್ತಿ ಒಣಗಿದ ಮೇಲೆ ಮುಚ್ಚಳ ಹಾಕಬೇಕು. ಒದ್ದೆ ಇರುವಾಗಲೇ ಮುಚ್ಚಿಟ್ಟರೆ ಒಳಗೆ ಬೆವತು ಹಾಳಾಗುತ್ತದೆ.

ಒಂದು ಮುಗಿಯುವ ತನಕ ಇನ್ನೊಂದನ್ನು ಮುಟ್ಟಬಾರದು. ಮೊದಲು ಯಾವುದು? ನಿಂಬೆ, ಕಿತ್ತಳೆ ವಾಸನೆಯದು ಮೊದಲು, ಏಕೆಂದರೆ ಆ ಪರಿಮಳ ಬೇಗ ಹಾರಿಹೋಗುತ್ತದೆ. ಗಂಧದ್ದು ವರ್ಷಗಟ್ಟಲೆ ಇರುತ್ತದೆ, ಅದು ಕೊನೆಗಿರಲಿ. ಮೂಸಿ ನೋಡಿದಾಗ ಹಳಸಿದ ಎಣ್ಣೆಯ ವಾಸನೆ ಬಂದು, ಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಎದ್ದಿದ್ದರೆ ಅದು ಕೆಟ್ಟಿದೆ. ಅದನ್ನು ಮುಖಕ್ಕೆ ಹಚ್ಚಬೇಡಿ. ಒಂದು ಒಳ್ಳೇ ಬಿಲ್ಲೆ ದಿನಾ ಹಚ್ಚಿದರೂ ನಮ್ಮ ಮನೆಯಲ್ಲಿ ಮೂರು ನಾಲ್ಕು ತಿಂಗಳು ಬರುತ್ತಿತ್ತು. ಹನ್ನೊಂದಕ್ಕೆ ಲೆಕ್ಕ ಹಾಕಿ ನೋಡಿ. ಮೂರು ವರ್ಷ ಅಂಗಡಿ ಕಡೆ ತಲೆ ಹಾಕಬೇಕಾಗಿಲ್ಲ.

ಅರ್ಧಂಬರ್ಧ ಸವೆದ ಬಿಲ್ಲೆಗಳನ್ನು ಏನು ಮಾಡುವುದು? ಅವು ಬ್ರಷ್ಷಿಗೆ ಸಿಗುವುದಿಲ್ಲ, ಬಟ್ಟಲಿನಲ್ಲಿ ಗಿರಗಿರ ತಿರುಗುತ್ತವೆ, ಕೈ ಜಾರಿ ನೆಲಕ್ಕೆ ಬೀಳುತ್ತವೆ. ಆಗ ಹುಡುಗರು ಬೇಸತ್ತು ಹೊಸದೊಂದನ್ನು ಒಡೆಯುತ್ತಾರೆ. ಮೊಮ್ಮಗ ಯಾರೋ ಹೇಳಿದರೆಂದು ಎರಡು ಬಿಲ್ಲೆಯನ್ನು ಒಲೆಯ ಮೇಲೆ ಕರಗಿಸಲು ಹೋಗಿದ್ದನಂತೆ. ಶೇವಿಂಗ್ ಸೋಪು ತುಪ್ಪದ ಹಾಗೆ ಕರಗುವುದಿಲ್ಲ. ಅಂಟಂಟಾಗಿ ಉಕ್ಕುತ್ತದೆ, ತಳ ಹಿಡಿಯುತ್ತದೆ, ಪರಿಮಳವೆಲ್ಲ ಆವಿಯ ಜೊತೆ ಹೋಗುತ್ತದೆ. ಅವನ ಅಮ್ಮನ ಹಾಲಿನ ಪಾತ್ರೆ ಹಾಳಾಯಿತು, ಸೋಪೂ ಹಾಳಾಯಿತು.

ನಾನು ಮಾಡುವ ಕ್ರಮ ಬೇರೆ. ಇದನ್ನು ಮಾತ್ರ ಹೇಳಿದ ಹಾಗೇ ಮಾಡಿ.

ಮೊದಲು ಚೂರುಗಳನ್ನೆಲ್ಲ ಬಚ್ಚಲಿನಿಂದ ಹೊರಗೆ ತಂದು, ಹಳೇ ಪಂಚೆಯ ತುಂಡಿನ ಮೇಲೆ ಹರಡಿ, ಎರಡು ದಿನ ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಇಡಬೇಡಿ. ಬಿಸಿಲಿಗೆ ಮೇಲೆ ಮಾತ್ರ ಗಟ್ಟಿಯಾಗಿ ಒಳಗೆ ಮೆತ್ತಗೇ ಉಳಿಯುತ್ತದೆ. ಉಗುರಿನಿಂದ ಕೆರೆದರೆ ಪುಡಿ ಏಳಬೇಕು, ಆಗ ಒಣಗಿದೆ ಎಂದು ಲೆಕ್ಕ. ನೆಲಕ್ಕೆ ಬಿದ್ದು ಕೂದಲು, ಕಸ ಅಂಟಿದ್ದರೆ ಆ ಭಾಗವನ್ನು ಚಾಕುವಿನಿಂದ ಹೆರೆದು ತೆಗೆಯಿರಿ.

ಆಮೇಲೆ ತುರಿಯುವುದು. ಇದಕ್ಕೆಂದೇ ಒಂದು ಸಣ್ಣ ತುರಿಮಣೆ ಇಟ್ಟುಕೊಳ್ಳಿ. ಕ್ಯಾರೆಟ್ ತುರಿಯುವುದನ್ನು ಮುಟ್ಟಿದರೆ ಒಂದು ವಾರ ಕೋಸಂಬರಿಯೆಲ್ಲ ಸೋಪು ಸೋಪು. ಸಣ್ಣ ಕಣ್ಣಿನ ಕಡೆ, ನಿಧಾನಕ್ಕೆ, ಒಂದೇ ದಿಕ್ಕಿನಲ್ಲಿ ತುರಿಯಿರಿ. ಶಾವಿಗೆಯ ಹಾಗೆ ಉದುರಬೇಕು. ದಪ್ಪ ತುರಿದರೆ ಆಮೇಲೆ ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ. ಕಡ್ಡಿ ಸೋಪಿನ ಮೋಟುಗಳನ್ನೂ ತುರಿದು ಸೇರಿಸಬಹುದು. ಟ್ಯೂಬಿನ ಕ್ರೀಮು ಬೇಡ, ಅದು ಹಿಡಿತ ಕೆಡಿಸುತ್ತದೆ. ವಾಸನೆ ನೋಡಿ ಜೋಡಿಸಿ. ಗಂಧಕ್ಕೆ ಗುಲಾಬಿ ಹೊಂದುತ್ತದೆ, ನಿಂಬೆಗೆ ಬೇವು ಪರವಾಗಿಲ್ಲ. ಮೆಂತಾಲ್ ಇರುವುದನ್ನು ಮಾತ್ರ ಬೇರೆಯೇ ಇಡಿ. ಅದು ಎಲ್ಲವನ್ನೂ ನುಂಗಿಹಾಕುತ್ತದೆ.

ಈಗ ಬಟ್ಟಲು. ಗಾಜು ಬೇಡವೇ ಬೇಡ. ಸೋಪಿನ ಕೈ, ಒದ್ದೆ ನೆಲ, ಬರಿಗಾಲು. ಯೋಚನೆ ಮಾಡಿ. ಮರವೂ ಬೇಡ, ಪುಟ್ಟನ ಬಟ್ಟಲಿನ ಗತಿ ಹೇಳಿದೆನಲ್ಲ. ಪಲ್ಯ ಬಡಿಸುವ ಅಳತೆಯ, ತಳ ಮಟ್ಟಸವಾದ ಸ್ಟೀಲ್ ಬಟ್ಟಲು ಸಾಕು. ಬ್ರಷ್ಷು ಒಳಗೆ ಸಲೀಸಾಗಿ ಸುತ್ತಬೇಕು. ಬಟ್ಟಲಿನ ಅರ್ಧ ಸೋಪು, ಮೇಲಿನರ್ಧ ನೊರೆಗೆ ಜಾಗ.

ತುರಿಯ ಮೇಲೆ ಬಿಸಿನೀರು ಚಿಮುಕಿಸಿ. ಸುರಿಯಬೇಡಿ, ಬೆರಳು ಅದ್ದಿ ಚಿಮುಕಿಸಿ, ತುಳಸಿಗೆ ನೀರು ಪ್ರೋಕ್ಷಣೆ ಮಾಡಿದ ಹಾಗೆ. ಕಲೆಸಿ, ಮತ್ತೆ ಒಂದಿಷ್ಟು ಚಿಮುಕಿಸಿ. ಚಪಾತಿ ಹಿಟ್ಟಿನಷ್ಟು ಮೆತ್ತಗಾಗಬಾರದು, ಚಕ್ಕುಲಿ ಹಿಟ್ಟಿನ ಹದ ಇರಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಕೈಗೆ ಅಂಟಬಾರದು. ಹದ ಸಿಕ್ಕಿದ ಮೇಲೆ ಒಂದು ಹಿಡಿ ತೆಗೆದು ಬಟ್ಟಲಿನ ಅಂಚಿನ ಸುತ್ತ ಹೆಬ್ಬೆರಳಿನಿಂದ ಒತ್ತುತ್ತಾ ಬನ್ನಿ. ಅಂಚು ಮೊದಲು, ನಡು ಆಮೇಲೆ. ಇದರಲ್ಲೇ ಇರುವುದು ಗುಟ್ಟು. ನಡುವೆ ಮೊದಲು ತುಂಬಿದರೆ ಅಂಚಿನಲ್ಲಿ ಸಂದು ಉಳಿಯುತ್ತದೆ, ಸಂದಿನಲ್ಲಿ ನೀರು ನಿಲ್ಲುತ್ತದೆ, ಹದಿನೈದು ದಿನದಲ್ಲಿ ಇಡೀ ಬಿಲ್ಲೆ ಕಿತ್ತು ಮೇಲೆ ಬರುತ್ತದೆ. ಒಂದು ಪದರ ಆದ ಮೇಲೆ ಇನ್ನೊಂದು. ಕೊನೆಗೆ ಸಣ್ಣ ಲೋಟದ ತಳ ಒದ್ದೆ ಮಾಡಿ, ಅದರಿಂದ ಗಟ್ಟಿಯಾಗಿ ಒತ್ತಿ ಮಟ್ಟ ಮಾಡಿ. ನಡುವೆ ಒಂಚೂರು ತಗ್ಗಿರಲಿ, ಬ್ರಷ್ಷಿಗೆ ಕೂರಲು ಅನುಕೂಲ. ತೆಳು ಬಟ್ಟೆ ಮುಚ್ಚಿ, ಫ್ಯಾನಿನ ಗಾಳಿಗೆ ಎರಡು ಮೂರು ದಿನ ಬಿಡಿ. ನಡುವೆ ಆತುರ ಬಿದ್ದು ಬ್ರಷ್ಷು ಹಾಕಬೇಡಿ.

ಇದಕ್ಕೆ ಮೈಗೆ ಹಚ್ಚುವ ಸೋಪಿನ ಚೂರನ್ನು ಸೇರಿಸುವವರಿದ್ದಾರೆ. ಸೇರಿಸಬಾರದು. ಮೈಸೂರು ಸ್ಯಾಂಡಲ್ ಎಂದರೆ ನನಗೆ ಪ್ರಾಣ. ಮೊದಲ ಮಹಾಯುದ್ಧ ಶುರುವಾಗಿ ಹೊರದೇಶಕ್ಕೆ ಹೋಗಬೇಕಿದ್ದ ಶ್ರೀಗಂಧ ಇಲ್ಲೇ ರಾಶಿ ಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರು 1916ರಲ್ಲಿ ಎಣ್ಣೆ ತೆಗೆಸಲು ಕಾರ್ಖಾನೆ ಮಾಡಿಸಿದರು, ಆ ಎಣ್ಣೆಯಿಂದಲೇ ಈ ಸೋಪು ಬಂತು ಎಂದು ನಮ್ಮ ತಂದೆ ಹೆಮ್ಮೆಯಿಂದ ಹೇಳುತ್ತಿದ್ದರು. ರಾಶಿ ಬಿದ್ದದ್ದನ್ನು ಹಾಳುಮಾಡದೆ ಬಳಸುವುದು ಎಂದರೆ ಅದು. ಆದರೂ ನಮ್ಮ ತಂದೆ ಗಡ್ಡಕ್ಕೆ ಬೇರೆ ಸೋಪನ್ನೇ ಇಟ್ಟಿದ್ದರು. ಹಿತ್ತಲಿನ ಕಿಟಕಿ ಸರಳಿಗೆ ಕನ್ನಡಿ ಸಿಕ್ಕಿಸಿ, ಹಂಡೆಯಿಂದ ಒಂದು ಚೊಂಬು ಬಿಸಿನೀರು ತಂದುಕೊಂಡು, ಹಿತ್ತಾಳೆ ಬಟ್ಟಲಿನಲ್ಲಿ ಬ್ರಷ್ಷು ಆಡಿಸುವ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಮೈ ಸೋಪಿನ ನೊರೆ ಬೇಗ ಒಡೆದು ಒಣಗುತ್ತದೆ. ಶೇವಿಂಗ್ ಸೋಪಿಗೆ ಸ್ಟಿಯರಿಕ್ ಎಂಬ ಕೊಬ್ಬಿನ ಆಮ್ಲ ಜಾಸ್ತಿ ಹಾಕಿ, ಪೊಟ್ಯಾಷಿಯಂ ಕ್ಷಾರವನ್ನೂ ಸೇರಿಸಿ ಮಾಡುತ್ತಾರೆ. ಅದಕ್ಕೇ ಅದರ ನೊರೆ ದಪ್ಪಗೆ ನಿಲ್ಲುವುದು.

ಸವೆದ ಮೈ ಸೋಪನ್ನೂ ಎಸೆಯಬೇಡಿ ಮತ್ತೆ. ಹೊಸ ಸೋಪಿನ ಬೆನ್ನಿಗೆ ಒದ್ದೆ ಮಾಡಿ ಅಂಟಿಸಿ, ರಾತ್ರಿ ಬಿಟ್ಟರೆ ಬೆಳಗ್ಗೆ ಒಂದಾಗಿರುತ್ತದೆ.

ನೊರೆ ಎಬ್ಬಿಸುವುದು ಹೇಗೆ ಎಂದರೆ, ಸ್ನಾನಕ್ಕೆ ಹೋಗುವಾಗಲೇ ಬ್ರಷ್ಷನ್ನು ಒಂದು ಲೋಟ ಬಿಸಿನೀರಿನಲ್ಲಿ ನಿಲ್ಲಿಸಿ. ಒಣಗಿ ಗಟ್ಟಿಯಾದ ಸೋಪಿದ್ದರೆ ಮೇಲೆ ಒಂದು ಚಮಚ ಬಿಸಿನೀರು ಹಾಕಿ ಬಿಡಿ, ನಿಮ್ಮ ಸ್ನಾನ ಮುಗಿಯುವ ಹೊತ್ತಿಗೆ ಮೇಲ್ಪದರ ಸಡಿಲಾಗಿರುತ್ತದೆ. ಆ ನೀರನ್ನು ಚೆಲ್ಲಬೇಡಿ, ಗಡ್ಡಕ್ಕೆ ಸವರಿಕೊಳ್ಳಿ. ಆಮೇಲೆ ನಲ್ಲಿ ನಿಲ್ಲಿಸಿ. ನಲ್ಲಿ ಬಿಟ್ಟುಕೊಂಡೇ ಶೇವ್ ಮಾಡುವುದನ್ನು ಕಂಡರೆ ನನಗೆ ಕೋಪ ಬರುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನವರು ಒಂದು ಬಿಂದಿಗೆ ನೀರಿಗೆ ಪಟ್ಟ ಪಾಡು ಇಷ್ಟು ಬೇಗ ಮರೆತುಹೋಯಿತೇ?

ಬ್ರಷ್ಷನ್ನು ಎರಡು ಸಲ ಜೋರಾಗಿ ಕೊಡವಿ. ನೀರು ತೊಟ್ಟಿಕ್ಕಬಾರದು. ಶವರಿನಲ್ಲಿ ಮುಖವೇ ಸಾಕಷ್ಟು ನೀರು ಕೊಡುತ್ತದೆ. ಸೋಪಿನ ಮೇಲೆ ಇಪ್ಪತ್ತು ಮೂವತ್ತು ಸುತ್ತು ಆಡಿಸಿ, ಬ್ರಷ್ಷಿನ ತುದಿಗೆ ಬೆಣ್ಣೆ ಮೆತ್ತಿದ ಹಾಗೆ ಆದ ಮೇಲೆ ನೇರ ಗಡ್ಡಕ್ಕೆ ತನ್ನಿ. ಮೊದಲು ಪಾತ್ರೆ ಸೋಪಿನ ಹಾಗೆ ದೊಡ್ಡ ಗುಳ್ಳೆ ಬರುತ್ತದೆ. ಅಲ್ಲಿಗೇ ನಿಲ್ಲಿಸುವವರೇ ಎಲ್ಲ! ಬ್ರಷ್ಷಿನ ತುದಿ ಮಾತ್ರ ನೀರಿಗೆ ಅದ್ದಿ ಇನ್ನೂ ಆಡಿಸಿ. ಗುಳ್ಳೆ ಅಡಗಿ, ಗಟ್ಟಿ ಮೊಸರಿನ ಹಾಗೆ ಹೊಳೆಯಬೇಕು. ಬೋರ್‌ವೆಲ್ ನೀರಾದರೆ ಸೋಪು ಜಾಸ್ತಿ ಬೇಕು, ಗಡಸು ನೀರಿನ ಸುಣ್ಣದ ಅಂಶ ಅರ್ಧ ಸೋಪನ್ನು ತಿಂದುಹಾಕುತ್ತದೆ. ಕಾವೇರಿ ನೀರು ಬರುವ ದಿನ ಒಂದು ಲೋಟ ತೆಗೆದಿಟ್ಟುಕೊಂಡರೆ ಬ್ರಷ್ಷು ಅದ್ದಲು ಆಯಿತು.

ಕನ್ನಡಿ ಮಂಜಾಗುತ್ತದೆ ಎಂದು ದೂರುವವರಿಗೆ ಒಂದು ಮಾತು. ಅದೇ ಸೋಪನ್ನು ಬೆರಳಿಗೆ ತಾಗಿಸಿ ಕನ್ನಡಿಗೆ ಸವರಿ, ಒಣ ಬಟ್ಟೆಯಿಂದ ತಿಕ್ಕಿ ತೆಗೆಯಿರಿ. ಆವಿ ಕೂರುವುದಿಲ್ಲ. ಕೂದಲು ಹೊರಟ ದಿಕ್ಕಿಗೇ ರೇಜರ್ ಎಳೆಯಿರಿ, ಇನ್ನೊಂದು ಕೈಯಿಂದ ಚರ್ಮ ಬಿಗಿ ಹಿಡಿಯಿರಿ. ಯಜಮಾನರ ಜೋತುಬಿದ್ದ ಎಡಗೆನ್ನೆಯನ್ನು ಹೆಬ್ಬೆರಳಿನಿಂದ ಕಿವಿಯ ಕಡೆಗೆ ಎಳೆದು ಹಿಡಿಯುತ್ತಿದ್ದೆ. ಮಾತು ನಿಂತಿತ್ತು ಅವರಿಗೆ. ಶೇವ್ ಮುಗಿದ ಮೇಲೆ ಕೆನ್ನೆ ಮುಟ್ಟಿ ನೋಡಿಕೊಂಡು ತಲೆ ಆಡಿಸುತ್ತಿದ್ದರು, ಅಷ್ಟು ಸಾಕಿತ್ತು ನನಗೆ. ಆಮೇಲೆ ತಣ್ಣೀರು, ಪಟಿಕದ ಕಲ್ಲು ಒಂದು ಸಲ. ರೇಜರನ್ನು ಕೊಡವಿ ಬಚ್ಚಲಿನಿಂದ ಹೊರಗೆ ತಂದಿಡಿ, ಅಲ್ಲೇ ಬಿಟ್ಟರೆ ತುಕ್ಕು. ಬ್ರಷ್ಷನ್ನು ಚೆನ್ನಾಗಿ ತೊಳೆದು, ಕೂದಲು ಕೆಳಗೆ ಮಾಡಿ ಗಾಳಿಗೆ ತೂಗುಹಾಕಿ.

ಹೊರಗೆ ಬರುವ ಮುಂಚೆ ಮೋರಿಯ ಜಾಲರಿ ಎತ್ತಿ ಕೂದಲು ತೆಗೆಯಿರಿ. ಗೋಡೆ ಮೇಲೆ ಬೆಳ್ಳಗೆ ಕೂತ ಸೋಪಿನ ಕರೆಗೆ ಹಿಂಡಿದ ನಿಂಬೆ ಹೋಳಿನಿಂದ ತಿಕ್ಕಿದರೆ ಸಾಕು. ಟೈಲ್ಸ್ ಆದರೆ ಮಾತ್ರ. ಕಡಪ ಕಲ್ಲಿನ ಮೇಲೆ ಹುಳಿ ಹಾಕಬೇಡಿ, ಅದು ಸುಣ್ಣದ ಕಲ್ಲು, ಹುಳಿ ತಿಂದು ಬಿಳಿಚಿಕೊಳ್ಳುತ್ತದೆ. ನಮ್ಮ ಕೆಲಸದವಳು ಒಂದು ದಿನ ಹಾಗೆ ಮಾಡಿ, ಅಡುಗೆ ಕಟ್ಟೆಯ ಹೊಳಪು ಮತ್ತೆ ಬರಲೇ ಇಲ್ಲ.

ಪುಟ್ಟನ ಬಿಲ್ಲೆ, ಕಡ್ಡಿಗಳಲ್ಲಿ ಚೆನ್ನಾಗಿ ಸವೆದ ಐದನ್ನು ನಾನೇ ಕೂತು ತುರಿದು ಬಟ್ಟಲಿಗೆ ಒತ್ತಿಕೊಟ್ಟೆ. ಎರಡು ಹಳಸಿದ್ದವು, ಎಸೆದೆ. ಉಳಿದ ನಾಲ್ಕನ್ನು ಒಣಗಿಸಿ, ಕಾಗದದಲ್ಲಿ ಸುತ್ತಿ, ಅವನ ಬಟ್ಟೆ ಬೀರುವಿನ ಮೇಲಿನ ಗೂಡಿಗೆ ಸೇರಿಸಿದ್ದೇನೆ. ಬಟ್ಟಲಿನ ತಳ ಕಂಡು, ಅಂಚಿನಲ್ಲಿ ಬಳೆಯ ಹಾಗೆ ಸೋಪು ಉಳಿದಾಗ ಅದನ್ನು ತೊಳೆದು ಚೆಲ್ಲಬಾರದು ಎಂದೂ ಹೇಳಿ ಬಂದಿದ್ದೇನೆ. ಅದನ್ನು ಚಮಚದಿಂದ ನಡುವಿಗೆ ಒತ್ತಿಕೊಂಡರೆ ಇನ್ನೂ ಒಂದು ವಾರ ಬರುತ್ತದೆ.